ಮಾವನ ಮಧ್ಯಾಹ್ನದ ನಿದ್ದೆ

ಮೂರನೆಯ ದಿನವೂ ಹಾಲು ಒಡೆದಾಗ ಮೊಟ್ಟೆಯಮ್ಮ ಹಾಲಿನವನನ್ನು ಬೈಯುವುದು ಬಿಟ್ಟು ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದಳು. ಪ್ಲಗ್ಗು ಗೋಡೆಯಿಂದ ಕಳಚಿ ನೆಲದ ಮೇಲೆ ಬಿದ್ದಿತ್ತು.

"ರೀ, ಇದನ್ನ ಯಾರು ತೆಗೆದದ್ದು?"

ಮಂಚದ ಮೇಲೆ ಮಲಗಿದ್ದ ಗಂಡ ಕಣ್ಣು ತೆರೆಯದೆಯೇ ಉತ್ತರ ಕೊಟ್ಟ. "ನಾನೇ. ಉಂಡು ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದ್ರೆ ಕಿವಿ ಹತ್ರಾನೇ ಗುರ್ ಗುರ್ ಅಂತಿರತ್ತೆ. ಮೂವತ್ತು ವರ್ಷ ಪ್ರೆಸ್ಸಲ್ಲಿ ಮಷೀನ್ ಸದ್ದು ಕೇಳಿದ್ದು ಸಾಲದಾ? ಚಹಾ ಹೊತ್ತಿಗೆ ಮತ್ತೆ ಹಾಕಿದ್ರಾಯ್ತು."

"ಅದರೊಳಗೆ ಕೋಳಿ ಲಸಿಕೆ ಇದೆ. ಸೊಸೆ ಎಷ್ಟು ಸಲ ಹೇಳಿದ್ದಾಳೆ."

"ಬಾಗಿಲು ಮುಚ್ಚಿದೆ ತಾನೇ? ಒಳಗಿನ ತಂಪಿಗೇನು ಕಾಲು ಬಂದು ಓಡಿಹೋಗತ್ತಾ? ಹೋಗು, ನಿನ್ನ ಕೆಲಸ ನೋಡು."

ಮೊಟ್ಟೆಯಮ್ಮ ಪ್ಲಗ್ಗು ಸಿಕ್ಕಿಸಿದಳು. ಫ್ರಿಜ್ಜು ಮತ್ತೆ ಗುರ್ ಅಂದಿತು. ಗಂಡ ಮಗ್ಗುಲು ಬದಲಿಸಿ, "ನೆಮ್ಮದಿ ಅನ್ನೋದು ಈ ಮನೇಲಿ ಸತ್ತುಹೋಗಿದೆ" ಎಂದು ಗೋಡೆಗೆ ಹೇಳಿದ. ಅವಳು ಒಡೆದ ಹಾಲನ್ನು ಹಿತ್ತಿಲಿಗೆ ಚೆಲ್ಲಿ ಬಂದಳು. ಮಾತು ಅಲ್ಲಿಗೇ ನಿಂತಿತು. ನಿಲ್ಲಬಾರದಿತ್ತು.

ಮೊಟ್ಟೆಯಮ್ಮ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಗಂಡನ ಸಂಬಳ ತಿಂಗಳ ಇಪ್ಪತ್ತನೇ ತಾರೀಕಿಗೇ ಉಸಿರು ಬಿಡುತ್ತಿದ್ದ ಕಾಲದಲ್ಲಿ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಮೊಟ್ಟೆ ಮಾರಿದವಳು. ಎಂಟು ವರ್ಷ ಮಾರಿದಳು, ಹೆಸರು ಮಾತ್ರ ಜನ್ಮಕ್ಕೆ ಅಂಟಿತು. ಒಂದು ಮೊಟ್ಟೆ ಒಡೆಯದಂತೆ ನಡೆಯುವುದನ್ನು ಕಲಿತ ಹೆಂಗಸು ಮನೆಯೊಳಗೂ ಹಾಗೆಯೇ ನಡೆದಳು. ಗಂಡ ತಟ್ಟೆ ಎಸೆದರೆ ಚೂರು ಆರಿಸುವುದು, ಮಗ ಕೂಗಿದರೆ ಬಾಗಿಲು ಹಾಕಿಕೊಳ್ಳುವುದು, ಮಾತು ಬೆಳೆಯುವ ಮೊದಲೇ ಅದರ ಮೇಲೆ ಒಂದು ಲೋಟ ಚಹಾ ಇಡುವುದು.

ಮನೆಯ ಹಿಂದಿನ ಕೋಳಿ ಶೆಡ್ಡು ಸೊಸೆಯ ಕನಸು. ಮದುವೆಗೆ ಮುಂಚೆ ಅವಳು ನಾಲ್ಕು ವರ್ಷ ಮರಿ ಮಾಡುವ ಕಾರ್ಖಾನೆಯಲ್ಲಿ ದುಡಿದವಳು. ಮಾವನ ನಿವೃತ್ತಿಯ ಹಣದಲ್ಲಿ ಕಟ್ಟಿದ್ದರಿಂದ ಮಾವ ಅದನ್ನು "ನನ್ನ ಶೆಡ್ಡು" ಅನ್ನುತ್ತಿದ್ದ. ಒಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಬೆಳಗಿನ ಜಾವ ಬ್ರೆಡ್ ವ್ಯಾನು ಓಡಿಸಲು ಹೋಗುವ ಮಗ ಮಧ್ಯಾಹ್ನ ಬಂದು ಫೀಡಿನ ಮೂಟೆ ಇಳಿಸಿಕೊಡುತ್ತಿದ್ದ, ಅಷ್ಟೇ. ಮಿಕ್ಕಿದ್ದೆಲ್ಲ ಸೊಸೆಯದು. ಹಾಸಿದ ಹೊಟ್ಟು ತಿರುವುವುದು, ನೀರಿನ ತಟ್ಟೆ ತೊಳೆಯುವುದು, ಮರಿಗಳಿಗೆ ಬಲ್ಬಿನ ಶಾಖ ಹೆಚ್ಚು ಕಡಿಮೆ ಮಾಡುವುದು. ಹಿಂದಿನ ಬ್ಯಾಚಿನಲ್ಲಿ ಹಿಕ್ಕೆಯಲ್ಲಿ ರಕ್ತದ ಎಳೆ ಕಂಡ ಕೂಡಲೇ ಅವಳು ರಕ್ತಭೇದಿ ಎಂದು ಗುರುತಿಸಿ, ಒದ್ದೆ ಹೊಟ್ಟನ್ನೆಲ್ಲ ತೆಗೆದು, ನೀರಿಗೆ ಔಷಧಿ ಹಾಕಿ, ಎರಡು ಸಾವಿರದಲ್ಲಿ ಹದಿನೆಂಟನ್ನು ಮಾತ್ರ ಕಳೆದುಕೊಂಡಿದ್ದಳು.

ಫ್ರಿಜ್ಜು ಮುಂದಿನ ಕೋಣೆಯಲ್ಲೇ ಇರಬೇಕಾಗಿತ್ತು. ಅಡುಗೆಮನೆಯಲ್ಲಿ ಅದಕ್ಕೆ ತಕ್ಕ ಸಾಕೆಟ್ಟಿರಲಿಲ್ಲ. ಮುಂದಿನ ಕೋಣೆಯ ಸಾಕೆಟ್ಟು ಮಾವನ ಮಂಚದ ತಲೆದಿಂಬಿನ ಪಕ್ಕದಲ್ಲೇ ಇತ್ತು. ಹದಿನೈದು ದಿನದ ಹಿಂದಷ್ಟೇ ಶೆಡ್ಡಿನ ವಾಸನೆಯ ವಿಷಯಕ್ಕೆ ಮಾವ ಸೊಸೆಯರ ನಡುವೆ ಬೀದಿಗೆ ಕೇಳಿಸುವಂಥ ಜಗಳವಾಗಿ, ಈಗತಾನೇ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕೂರತೊಡಗಿದ್ದರು. ಅದನ್ನು ಮತ್ತೆ ಕೆದಕುವುದು ಬೇಡವೆಂದು ಮೊಟ್ಟೆಯಮ್ಮ ಒಂದು ಉಪಾಯ ಕಂಡುಕೊಂಡಳು. ಗಂಡ ಎದ್ದ ಕೂಡಲೇ, ಸೊಸೆ ಶೆಡ್ಡಿನಿಂದ ಬರುವ ಮೊದಲು, ತಾನೇ ಪ್ಲಗ್ಗು ಸಿಕ್ಕಿಸಿಬಿಡುವುದು. ಹಾಲನ್ನು ಎರಡೆರಡು ಸಲ ಕಾಯಿಸಿ ಇಡುವುದು. ಗಂಡ ಕೆಲವು ದಿನ ನಾಲ್ಕಕ್ಕೆ ಏಳುತ್ತಿದ್ದ, ಕೆಲವು ದಿನ ಐದೂವರೆಗೆ. ಬಿಸಿಲು ಹೆಂಚನ್ನು ಸುಡುತ್ತಿದ್ದ ತಿಂಗಳು ಅದು.

ಮರಿ ಬಂದ ಏಳನೇ ದಿನ ಸೊಸೆ ಮರಿಗಳ ಕಣ್ಣಿಗೆ ಒಂದೊಂದೇ ಹನಿ ಲಸಿಕೆ ಬಿಟ್ಟಳು. ಇಪ್ಪತ್ತೊಂದನೇ ದಿನ ಮುಂಜಾನೆ ಎರಡು ತಾಸು ಕೋಳಿಗಳಿಗೆ ನೀರು ಕೊಡದೆ ಬಾಯಾರಿಸಿ, ತಣ್ಣನೆಯ ನೀರಿಗೆ ಲಸಿಕೆ ಕೆಡದಂತೆ ಹಾಲಿನ ಪುಡಿ ಕದಡಿ, ಫ್ರಿಜ್ಜಿನಿಂದ ತಂದ ಸೀಸೆಯನ್ನು ನೀರಿನೊಳಗೇ ತೆರೆದು ಎರಡನೇ ಲಸಿಕೆ ಕುಡಿಸಿದಳು. ಬಕೆಟ್ಟು ಹಿಡಿದು ನಿಂತಿದ್ದವಳು ಮೊಟ್ಟೆಯಮ್ಮನೇ.

"ಇನ್ನು ಕೊಕ್ಕರೆ ರೋಗದ ಭಯ ಇಲ್ಲ ಅತ್ತೆ" ಎಂದಳು ಸೊಸೆ, ಒದ್ದೆ ಕೈಯಲ್ಲಿ ಕೂದಲು ಸರಿಸುತ್ತ.

ಮೊಟ್ಟೆಯಮ್ಮ "ಹೂಂ" ಎಂದಳು.

ಇಪ್ಪತ್ತೆಂಟನೇ ದಿನ ಹನ್ನೊಂದು ಕೋಳಿ ಸತ್ತಿದ್ದವು. ಮರುದಿನ ಅರವತ್ತು. ಬದುಕಿದ್ದವು ಕೊಕ್ಕು ತೆರೆದು ಗೊರಗೊರ ಉಸಿರೆಳೆಯುತ್ತ ಮೂಲೆ ಸೇರಿದ್ದವು. ಹಿಕ್ಕೆ ಹಸಿರು ಬಿಳಿಯಾಗಿ ನೀರು ನೀರಾಗಿತ್ತು. ಮೂರನೆಯ ದಿನಕ್ಕೆ ಒಂದೊಂದು ಕೋಳಿ ಕತ್ತು ತಿರುಚಿಕೊಂಡು ಮುಗಿಲು ನೋಡುತ್ತ ಗಿರಗಿರನೆ ಸುತ್ತತೊಡಗಿತು. ಸೊಸೆ ಒಂದನ್ನು ಎತ್ತಿಕೊಂಡು ಕತ್ತು ನೇರ ಮಾಡಿದಳು. ಕೈ ಬಿಟ್ಟ ಕೂಡಲೇ ಅದು ಮತ್ತೆ ತಿರುಚಿಕೊಂಡಿತು.

"ಇದು ಅದೇ ಕೊಕ್ಕರೆ ರೋಗ" ಎಂದಳು. "ಹೇಗೆ ಬಂತು ಅತ್ತೆ? ಎರಡು ಸಲ ಲಸಿಕೆ ಹಾಕಿದ್ದೀನಿ. ಹೇಗೆ ಬಂತು?"

ಪಶುವೈದ್ಯೆ ಸ್ಕೂಟರಿನಲ್ಲಿ ಬಂದಳು. ಸತ್ತ ಕೋಳಿಯನ್ನು ಶೆಡ್ಡಿನ ಹಿಂದಿನ ಕಲ್ಲಿನ ಮೇಲೆ ಸೀಳಿ, ಜಠರದ ಒಳಗೋಡೆಯಲ್ಲಿ ಸೂಜಿ ಚುಚ್ಚಿದಂತೆ ಮೂಡಿದ್ದ ಕೆಂಪು ಚುಕ್ಕೆಗಳನ್ನು ತೋರಿಸಿದಳು. "ಇದಕ್ಕೆ ಮದ್ದಿಲ್ಲಮ್ಮ. ಬರದ ಹಾಗೆ ನೋಡ್ಕೋಬೇಕು, ಬಂದಮೇಲೆ ಹೂಳಬೇಕು. ಲಸಿಕೆ ಎಲ್ಲಿಟ್ಟಿದ್ರಿ?"

"ಮನೆ ಫ್ರಿಜ್ಜಲ್ಲಿ ಡಾಕ್ಟರಮ್ಮ."

"ಕರೆಂಟು ಹೋಗಿತ್ತಾ?"

"ಇಲ್ಲ. ದಿನಾ ಬೆಳಿಗ್ಗೆ ಸಂಜೆ ಮುಟ್ಟಿ ನೋಡ್ತಿದ್ದೆ. ತಣ್ಣಗೇ ಇತ್ತು."

"ಹಾಗಿದ್ರೆ ಕೊಡೋದ್ರಲ್ಲೇ ಏನೋ ಎಡವಟ್ಟಾಗಿದೆ. ನೀರು ಬಿಸಿ ಇತ್ತೋ, ಬಕೆಟ್ಟಲ್ಲಿ ಸೋಪಿನ ಅಂಶ ಇತ್ತೋ. ಅಷ್ಟು ಸಾಕು, ಲಸಿಕೆ ಸತ್ತುಹೋಗತ್ತೆ."

ಮನೆಯ ಹಿತ್ತಿಲ ಬಾಗಿಲ ಬಳಿ ನಿಂತಿದ್ದ ಮಾವ ಈ ಮಾತನ್ನು ಬಿದ್ದ ಹಣ್ಣಿನಂತೆ ಹೆಕ್ಕಿಕೊಂಡ. "ಕೇಳಿದ್ರಾ? ಕೊಡೋದ್ರಲ್ಲೇ ಎಡವಟ್ಟು! ನಾಲ್ಕು ವರ್ಷ ಮರಿ ಕಾರ್ಖಾನೆ, ಮರಿ ಕಾರ್ಖಾನೆ ಅಂತ ಕುಣಿದದ್ದೇ ಕುಣಿದದ್ದು."

ಮೊಟ್ಟೆಯಮ್ಮ ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ. ಅವನಿಗೆ ಗೊತ್ತೋ, ಗೊತ್ತಿಲ್ಲವೋ, ಗೊತ್ತಿಲ್ಲವೆಂದು ತನಗೆ ತಾನೇ ನಂಬಿಸಿಕೊಂಡಿದ್ದನೋ, ಅವಳಿಗೆ ತಿಳಿಯಲಿಲ್ಲ. ತನಗೆ ಮಾತ್ರ ಗೊತ್ತಿತ್ತು.

ಮರುದಿನ ಮಾವ ಯಾರಿಗೂ ಹೇಳದೆ ಕೋಳಿ ವ್ಯಾಪಾರಿಗೆ ಫೋನು ಮಾಡಿದ. ಹತ್ತು ಗಂಟೆಗೆ ಬುಟ್ಟಿ ಜೋಡಿಸಿದ ವ್ಯಾನು ಗೇಟಿಗೆ ಬಂತು. ಸೊಸೆ ಸತ್ತ ಕೋಳಿಯ ಮೂಟೆ ಹೊತ್ತು ಗುಂಡಿಯ ಕಡೆ ಹೋಗುತ್ತಿದ್ದವಳು ಮೂಟೆ ಕೆಳಗಿಟ್ಟು ಗೇಟಿಗೆ ಅಡ್ಡ ನಿಂತಳು.

"ಯಾರು ಕರೆದದ್ದು?"

"ಯಜಮಾನ್ರು. ನಿಂತಿರೋ ಕೋಳಿಗಳನ್ನ ಅರ್ಧ ರೇಟಿಗೆ ತಗೊಂಡು ಹೋಗು ಅಂದ್ರು."

"ಇವತ್ತು ನಿಂತಿರೋದು ನಾಳೆ ಬೀಳತ್ತೆ. ನಿಮ್ಮ ಬುಟ್ಟಿ, ನಿಮ್ಮ ಚಕ್ರ, ನಿಮ್ಮ ಚಪ್ಪಲಿ ಎಲ್ಲದಕ್ಕೂ ರೋಗ ಅಂಟತ್ತೆ. ಇಲ್ಲಿಂದ ಇನ್ನೆಷ್ಟು ಶೆಡ್ಡಿಗೆ ಹೋಗ್ತೀರಿ?"

ವ್ಯಾಪಾರಿ ಮಾವನ ಕಡೆ ನೋಡಿದ. ಮಾವ ಅಂಗಳದಿಂದಲೇ ಕೂಗಿದ. "ಬಿಡು ದಾರಿ! ಬಂದಷ್ಟು ಬರಲಿ. ಊರುದ್ಧಾರ ಮಾಡೋಕೆ ನೀನ್ಯಾರು?"

"ನಾಲ್ಕು ಮನೆ ಹಾಳು ಮಾಡಿ ಬರೋ ಆ ದುಡ್ಡಲ್ಲಿ ನೀವು ಅನ್ನ ತಿಂತೀರಾ ಮಾವ? ತಿನ್ನೋದಾದ್ರೆ ನೀವೇ ಬಂದು ಕೋಳಿ ಹಿಡಿದುಕೊಡಿ. ನಾನು ಮುಟ್ಟಲ್ಲ, ಮುಟ್ಟೋಕೂ ಬಿಡಲ್ಲ."

ವ್ಯಾನು ಹಿಂದಕ್ಕೆ ಹೋಯಿತು. ಮಾವ ಒಳಗೆ ಹೋಗಿ ಬಾಗಿಲು ದಢಾರನೆ ಹಾಕಿದ. ಹತ್ತು ದಿನದಲ್ಲಿ ಸಾವಿರದ ಆರುನೂರು ಕೋಳಿ ಗುಂಡಿ ಸೇರಿದವು. ಉಳಿದ ಜೀವಚ್ಛವಗಳನ್ನೂ ಡಾಕ್ಟರಮ್ಮನ ಮಾತಿನಂತೆ ಕೊಂದು ಹೂಳಬೇಕಾಯಿತು. ಸೊಸೆ, ಮಗ ಇಬ್ಬರೂ ಸೇರಿ ಗುಂಡಿ ತೋಡಿ, ಮೇಲೆ ಸುಣ್ಣ ಸುರಿದು ಮುಚ್ಚಿದರು. ಆ ವಾರವೆಲ್ಲ ಮನೆಯಲ್ಲಿ ಅನ್ನ, ಬೇಳೆ, ಉಪ್ಪಿನಕಾಯಿ. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ, ಮಾವನೊಬ್ಬನನ್ನು ಬಿಟ್ಟು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎನ್ನುತ್ತಿದ್ದ ಅವನು, ಅನ್ನ ಕಲಸುತ್ತ. "ಲಸಿಕೆ ಹಾಕೋದು ಗೊತ್ತಿಲ್ಲ, ಮಾರೋದು ಗೊತ್ತಿಲ್ಲ. ಹೂಳೋದು ಮಾತ್ರ ಚೆನ್ನಾಗಿ ಗೊತ್ತು."

"ಅಪ್ಪ, ಊಟದ ಹೊತ್ತಲ್ಲಿ ಬೇಡ" ಎನ್ನುತ್ತಿದ್ದ ಮಗ ಮೊದಮೊದಲು. ಆಮೇಲೆ ಅದನ್ನೂ ಬಿಟ್ಟ. ಆಮೇಲೆ ಅವನೇ ಹೆಂಡತಿಯನ್ನು ಕೇಳತೊಡಗಿದ. "ನಿಜ ಹೇಳು. ನೀರು ಮುಟ್ಟಿ ನೋಡಿದ್ದೆಯಾ? ಸೀಸೆ ತಂದು ಬಿಸಿಲಲ್ಲಿ ಇಟ್ಟಿದ್ದೆಯಾ?"

"ನಿಮಗೂ ನನ್ನ ಮೇಲೇ ಅನುಮಾನಾನಾ?"

"ಕೇಳಬಾರದಾ? ಎರಡು ಸಾವಿರ ಕೋಳಿ ಸತ್ತಿವೆ, ಕೇಳೋದೂ ತಪ್ಪಾ?"

ಸೊಸೆ ಮೊದಲು ಸಿಟ್ಟಾದಳು. ಆಮೇಲೆ ಅವಳ ಸಿಟ್ಟು ಒಳಕ್ಕೆ ತಿರುಗಿತು. ಒಂದು ಮಧ್ಯಾಹ್ನ ಮೊಟ್ಟೆಯಮ್ಮ ಹಿತ್ತಿಲಿಗೆ ಹೋದಾಗ ಅವಳು ಖಾಲಿ ಬಕೆಟ್ಟುಗಳನ್ನು ಸಾಲಾಗಿಟ್ಟುಕೊಂಡು ಒಂದೊಂದನ್ನೇ ಮೂಗಿಗೆ ಹಿಡಿದು ಮೂಸುತ್ತಿದ್ದಳು.

"ಏನೇ ಮಾಡ್ತಿದ್ದೀಯ?"

"ಅತ್ತೆ, ಆವತ್ತು ಬಕೆಟ್ಟು ತೊಳೆದದ್ದು ನೀವು. ಸೋಪು ಹಾಕಿದ್ರಾ? ಹಾಕಿದ್ರೆ ಹೇಳಿ, ನಾನು ಬೈಯಲ್ಲ. ಹಾಕಿದ್ದೀನಿ ಅಂದುಬಿಡಿ. ರಾತ್ರಿಯೆಲ್ಲ ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ."

ಅವಳ ಕೈ ಸುಣ್ಣದಿಂದ ಬಿರುಕು ಬಿಟ್ಟು, ಉಗುರಿನ ಸುತ್ತ ಸಿಪ್ಪೆ ಎದ್ದಿತ್ತು. ಮೊಟ್ಟೆಯಮ್ಮ ಆ ಕೈಯನ್ನೇ ನೋಡಿದಳು.

"ನೆನಪಿಲ್ಲಮ್ಮ" ಎಂದಳು. "ಹಾಕಿಲ್ಲ ಅನ್ಸತ್ತೆ."

ಒಳಗೆ ಬಂದರೆ ಗಂಡ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ. ಪ್ಲಗ್ಗು ನೆಲದ ಮೇಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವ ಗಾದೆಯನ್ನು ಅವಳು ನೂರು ಸಲ ಆಡಿದ್ದಳು, ನಕ್ಕಿದ್ದಳು. ಬರೆ ಹಾಕುವ ಕಬ್ಬಿಣವನ್ನು ಕಾಯಿಸಿಕೊಡುವವರೂ ಒಬ್ಬರು ಇರುತ್ತಾರೆಂದು ಆ ಗಾದೆ ಹೇಳಿರಲಿಲ್ಲ. ಅಂದು ಅವಳಿಗೆ ಗಂಡನ ತೆರೆದ ಬಾಯಿ ಕಂಡು ಮೈಯೆಲ್ಲ ಉರಿಯಿತು. ಕೈಗೆ ಸಿಕ್ಕ ಚೊಂಬನ್ನು ನೆಲಕ್ಕೆ ಬಡಿದಳು. ಅವನು ಬೆಚ್ಚಿ ಎದ್ದು, "ಏನೇ ಅದು?" ಎಂದ. "ಕೈ ಜಾರಿತು" ಎಂದಳು. ಮೂವತ್ತೆಂಟು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಎರಡು ವಾರದ ಮೇಲೆ ಒಂದು ರಜಾ ದಿನ ಸಿಮೆಂಟ್ ಅಂಗಡಿಯವನು ಅಳತೆ ಟೇಪು ಹಿಡಿದು ಬಂದು ಶೆಡ್ಡಿನ ಉದ್ದಗಲ ಅಳೆದುಕೊಂಡು ಹೋದ. ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕೂತಾಗ ಮಾವ ವಿಷಯ ತೆಗೆದ.

"ಶೆಡ್ಡನ್ನ ಗೋದಾಮಿಗೆ ಕೊಡ್ತಿದ್ದೀನಿ. ಮುಂದಿನ ತಿಂಗಳಿಂದ ಮೂಟೆ ಇಳಿಸ್ತಾನೆ. ಕೋಳಿ ಸಹವಾಸ ಸಾಕು."

ಸೊಸೆ ತುತ್ತು ಕೆಳಗಿಟ್ಟಳು. "ಮಾವ, ಇನ್ನೊಂದು ಬ್ಯಾಚು ಬಿಡೋಣ. ಎಲ್ಲ ತೊಳೆದು ಸುಣ್ಣ ಹೊಡೆದಿದ್ದೀನಿ. ಇನ್ನೊಂದೇ ಒಂದು."

"ಯಾರು ಮಾಡೋದು? ನೀನಾ?"

"ನಾನೇ."

ಮಗ ನಡುವೆ ಬಾಯಿ ಹಾಕಿದ. "ಅಪ್ಪ, ಒಂದು ಅವಕಾಶ ಕೊಡು. ನೋಡು, ನೀನೂ ಅಷ್ಟೇ" ಎಂದು ಹೆಂಡತಿಯ ಕಡೆ ತಿರುಗಿದ. "ತಪ್ಪಾಯ್ತು ಅಂತ ಒಂದು ಮಾತು ಅಂದುಬಿಡು. ಅಪ್ಪನಿಗೂ ಸಮಾಧಾನ, ನಿನಗೂ ಶೆಡ್ಡು. ಒಂದು ಮಾತಿನಿಂದ ಏನು ಕಳೆದುಹೋಗತ್ತೆ?"

"ನಾನು ಏನು ತಪ್ಪು ಮಾಡಿದೆ ಅಂತ ನನಗೇ ಗೊತ್ತಿಲ್ಲವಲ್ಲ."

"ಗೊತ್ತಿಲ್ಲದೆ ಇರೋದೇ ತಪ್ಪು" ಎಂದ ಮಾವ. "ಕಾಲು ಮುಟ್ಟಿ ಕೇಳಲಿ, ಯೋಚನೆ ಮಾಡ್ತೀನಿ."

ಸೊಸೆ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ನೆಲಕ್ಕೆ ಕೈಯೂರಿ ಏಳಹೊರಟಳು. ಸುಣ್ಣಕ್ಕೆ ಸಿಪ್ಪೆ ಎದ್ದ ಆ ಕೈ ನೆಲವನ್ನು ಒತ್ತಿದ್ದನ್ನು ಮೊಟ್ಟೆಯಮ್ಮ ನೋಡಿದಳು.

"ಕೂತ್ಕೋ" ಎಂದಳು.

ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಒರಟಾಗಿತ್ತು. "ಕೂತ್ಕೋ ಅಂದೆ. ಲಸಿಕೆಯನ್ನ ಕೊಂದದ್ದು ಇವಳ ಕೈಯಲ್ಲ. ನಿಮ್ಮ ನಿದ್ದೆ."

ಮಾವನ ತುತ್ತು ಬಾಯಿಯ ಮುಂದೆಯೇ ನಿಂತಿತು. "ಏನಂದೆ?"

"ದಿನಾ ಮಧ್ಯಾಹ್ನ ಫ್ರಿಜ್ಜಿನ ಪ್ಲಗ್ಗು ಕೀಳ್ತಿದ್ರಿ. ಉಂಡಲ್ಲಿಂದ ಚಹಾವರೆಗೆ. ಮರಿ ಬಂದಾಗಿಂದ ಕೋಳಿ ಸಾಯೋ ತನಕ ಒಂದು ದಿನ ತಪ್ಪಿಸಿಲ್ಲ. ಈ ಬಿಸಿಲಲ್ಲಿ ಹಾಲೇ ಒಡೀತಿತ್ತು, ಆ ಸೀಸೆ ಉಳಿಯತ್ತಾ?"

"ಬಾಯಿ ಮುಚ್ಚು! ಒಂದು ಗಳಿಗೆ ತೆಗೆದಿದ್ದಕ್ಕೆ..."

"ನಾಲ್ಕು ತಾಸು! ಐದು ತಾಸು! ಗಡಿಯಾರ ನೋಡ್ತಾ ಕೂತವಳು ನಾನು. ನನ್ನ ಕಣ್ಣೆದುರಿಗೇ ಅವಳಿಂದ ಕಾಲು ಮುಟ್ಟಿಸಿಕೊಳ್ಳೋಕೆ ಹೊರಟ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಮೂವತ್ತೆಂಟು ವರ್ಷ ನನ್ನ ಅನ್ನ ತಿಂದು..."

"ನಿಮ್ಮ ಅನ್ನ ಇಪ್ಪತ್ತನೇ ತಾರೀಕಿಗೆ ಮುಗೀತಿತ್ತು. ಮಿಕ್ಕ ಹತ್ತು ದಿನ ನೀವು ತಿಂದದ್ದು ನನ್ನ ತಲೆ ಮೇಲಿನ ಬುಟ್ಟೀದು."

ಮಾವ ತಟ್ಟೆ ಎತ್ತಿ ಗೋಡೆಗೆ ಎಸೆದ. ಬೇಳೆ ಸುಣ್ಣದ ಗೋಡೆಯ ಮೇಲೆ ಹರಡಿ ಇಳಿಯತೊಡಗಿತು. ಎಲ್ಲರೂ ಅಭ್ಯಾಸದಂತೆ ಮೊಟ್ಟೆಯಮ್ಮನ ಕಡೆ ನೋಡಿದರು. ಅವಳು ಏಳಲಿಲ್ಲ. ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಮಾವ ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮಗ ತಲೆ ತಗ್ಗಿಸಿ ಕೂತುಬಿಟ್ಟ.

ಸೊಸೆ ಮಾವ ಹೋದ ದಿಕ್ಕನ್ನು ನೋಡಲೇ ಇಲ್ಲ. ಅವಳ ಕಣ್ಣು ಅತ್ತೆಯ ಮೇಲಿತ್ತು.

"ಯಾವಾಗಿಂದ ಗೊತ್ತು ನಿಮಗೆ?"

"ಮರಿ ಬಂದ ಮೂರನೇ ದಿನದಿಂದ."

"ಡಾಕ್ಟರಮ್ಮ ಫ್ರಿಜ್ಜಿನ ವಿಷಯ ಕೇಳಿದಾಗ?"

"ಗೊತ್ತಿತ್ತು."

"ನಾನು ಬಕೆಟ್ಟು ಮೂಸ್ತಾ ಕೂತಿದ್ದಾಗ?"

ಮೊಟ್ಟೆಯಮ್ಮ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಮಾವ ನಿದ್ದೆಗೋಸ್ಕರ ಮಾಡಿದ್ರು. ಅವರಿಗೆ ಕೋಳಿ ಅಂದ್ರೆ ವಾಸನೆ, ಅಷ್ಟೇ. ನೀವು? ಆ ಬಕೆಟ್ಟು ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ರಿ ಅತ್ತೆ. ಒಂದು ಮಾತು ಹೇಳಿದ್ರೆ ಹೊಸ ಸೀಸೆ ತರ್ತಿದ್ದೆ. ಅರ್ಧ ದಿನದ ಕೆಲಸ."

"ಮನೇಲಿ ಜಗಳ ಬೇಡ ಅಂತ..."

"ಜಗಳ ಬೇಡ ಅಂತ!" ಸೊಸೆ ಎದ್ದು ನಿಂತಳು. ದನಿ ಒಡೆಯಿತು. "ನಾನು ಒಂದು ತಿಂಗಳಿಂದ ಸಾಯ್ತಿದ್ದದ್ದು ಜಗಳ ಅಲ್ವಾ? ಸದ್ದು ಮಾಡದೆ ಸತ್ರೆ ನಿಮಗೆ ಅದು ಶಾಂತಿ!"

ಅವಳು ಕೈ ತೊಳೆದುಕೊಂಡು ಹೊರಗೆ ಹೋದಳು. ಮಗ ಅವಳ ಹಿಂದೆ ಎದ್ದವನು, "ನೀವು ಬರಬೇಡಿ" ಎಂಬ ಮಾತಿಗೆ ಬಾಗಿಲಲ್ಲೇ ನಿಂತ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಸಿಮೆಂಟ್ ಅಂಗಡಿಯವನಿಗೆ ಮಗನೇ ಹೋಗಿ ಇಲ್ಲವೆಂದು ಹೇಳಿ ಬಂದ. ಮೂರನೇ ದಿನ ಜೊತೆಯಲ್ಲಿ ವ್ಯಾನು ಓಡಿಸುವ ಗೆಳೆಯನನ್ನು ಕರೆತಂದು ಫ್ರಿಜ್ಜನ್ನು ಶೆಡ್ಡಿನ ಪಕ್ಕದ ಫೀಡ್ ಕೋಣೆಗೆ ಸಾಗಿಸಿದ. ಸೊಸೆ ಬೀಗ ಹಾಕಿ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮನೆಯಲ್ಲಿ ಹಾಲು ನಿಲ್ಲದೆ ಮೊಟ್ಟೆಯಮ್ಮ ದಿನಕ್ಕೆ ಎರಡು ಸಲ ಅಂಗಡಿಗೆ ನಡೆದಳು. ಮಾವನಿಗೆ ಈಗ ಫ್ಯಾನಿನ ಕಟಕಟ ಕೇಳಿಸತೊಡಗಿತು. ಅದನ್ನು ಬೈಯುತ್ತಿದ್ದ. ಯಾರೂ ಹೂಂಗುಟ್ಟುತ್ತಿರಲಿಲ್ಲ. ಅವನು ಎಸೆದ ತಟ್ಟೆಯ ಕಲೆ ಗೋಡೆಯ ಮೇಲೆ ಹಾಗೆಯೇ ಒಣಗಿತು. ಎಂಟನೆಯ ದಿನ ಅವನೇ ಒದ್ದೆ ಬಟ್ಟೆ ತಂದು ಒರೆಸಿದ್ದನ್ನು ಮೊಟ್ಟೆಯಮ್ಮ ಅಡುಗೆಮನೆಯಿಂದ ಕಂಡಳು.

ಸೊಸೆ ಅತ್ತೆಯೊಡನೆ ಬೇಕಾದಷ್ಟೇ ಆಡುತ್ತಿದ್ದಳು. ಉಪ್ಪು ಮುಗಿದಿದೆ. ನೀರು ಬಂದಿದೆ. ಅಷ್ಟೇ.

ಐದು ವಾರದ ನಂತರ ಹೊಸ ಮರಿಗಳು ಬಂದವು. ರಟ್ಟಿನ ಪೆಟ್ಟಿಗೆಗಳೊಳಗಿಂದ ಚಿಂವ್ ಚಿಂವ್ ಸದ್ದು ಅಂಗಳ ತುಂಬಿತು. ಒಂದೊಂದು ಮರಿಯನ್ನೂ ಎತ್ತಿ, ಕೊಕ್ಕನ್ನು ಸಕ್ಕರೆ ನೀರಿಗೆ ಅದ್ದಿ, ಬಲ್ಬಿನ ಕೆಳಗೆ ಬಿಡಬೇಕು. ಎರಡು ಸಾವಿರ ಮರಿ, ಒಬ್ಬಳ ಕೈ. ಮೊಟ್ಟೆಯಮ್ಮ ಒಲೆ ಆರಿಸಿ, ಸೀರೆ ಎತ್ತಿ ಕಟ್ಟಿಕೊಂಡು ಶೆಡ್ಡಿಗೆ ಹೋದಳು.

"ಅಲ್ಲೇ ನಿಲ್ಲಿ" ಎಂದಳು ಸೊಸೆ, ಒಳಗಿನಿಂದ.

ಬಾಗಿಲಿಗೆ ಅಡ್ಡಲಾಗಿ ಒಂದು ಅಗಲವಾದ ತಟ್ಟೆ ಇತ್ತು. ಅದರ ತುಂಬ ಕಾಲಿಗಂಟಿದ ರೋಗಾಣು ಕೊಲ್ಲುವ ಔಷಧಿ ಬೆರೆಸಿದ ಬಿಳಿ ನೀರು.

"ಸಹಾಯಕ್ಕೆ ಬಂದೆ."

"ಅತ್ತೆ ಅಂತ ಬರೋದಾದ್ರೆ ಬೇಡ. ಕೆಲಸಕ್ಕೆ ಬರೋದಾದ್ರೆ ಬನ್ನಿ. ಒಳಗೆ ನಾನು ಹೇಳಿದ ಹಾಗೆ ಆಗಬೇಕು. ಏನಾದ್ರೂ ತಪ್ಪು ಕಂಡ್ರೆ ಆ ಕ್ಷಣಾನೇ ಬಾಯಿ ಬಿಟ್ಟು ಹೇಳಬೇಕು. ನಾನು ಮಾಡಿದ್ರೂ ಸರಿ, ನಿಮ್ಮ ಮಗ ಮಾಡಿದ್ರೂ ಸರಿ."

"ಹೇಳ್ತೀನಿ."

"ಚಪ್ಪಲಿ ಅಲ್ಲೇ ಬಿಡಿ. ಕಾಲಿಡಿ ಅದರೊಳಗೆ."

ಮೊಟ್ಟೆಯಮ್ಮ ಚಪ್ಪಲಿ ಬಿಟ್ಟು ಎರಡೂ ಕಾಲನ್ನು ತಟ್ಟೆಯೊಳಗೆ ಇಟ್ಟಳು. ಬೀದಿ ಬೀದಿ ಸುತ್ತಿ ಒಡೆದಿದ್ದ ಹಿಮ್ಮಡಿಯ ಬಿರುಕುಗಳೊಳಗೆ ಔಷಧಿ ನೀರು ಇಳಿದು ಚುರ್ರೆಂದಿತು. ಅವಳು ಹಲ್ಲು ಕಚ್ಚಿದಳು. ಸೊಸೆ ಒಂದು ಮರಿಯ ಕೊಕ್ಕನ್ನು ನೀರಿಗೆ ಅದ್ದಿದಳು, ಇನ್ನೊಂದನ್ನು ಎತ್ತಿಕೊಂಡಳು.

"ಸಾಕಾ?" ಎಂದು ಕೇಳಿದಳು ಮೊಟ್ಟೆಯಮ್ಮ.

ಸೊಸೆ ತಲೆ ಎತ್ತಿ ಅತ್ತೆಯ ಕಾಲು ನೋಡಿದಳು, ಮುಖ ನೋಡಿದಳು.

"ಇಲ್ಲ" ಎಂದಳು. "ಇನ್ನೂ ಸ್ವಲ್ಪ ಹೊತ್ತು."

ಮೊಟ್ಟೆಯಮ್ಮ ನಿಂತೇ ಇದ್ದಳು.